ಸೂರಿನ ಮೇಲೊಂದು ಕಿವಿ

ತಲೆಯ ಮೇಲೊಂದು ಸೂರಿದ್ದರೆ ಸಾಕು ಎನ್ನುವವರು ಆಲಿಕಲ್ಲು ಬೀಳದ ಊರಿನವರಿರಬೇಕು. ಆಲಿಕಲ್ಲು ಬಿದ್ದ ಮರುದಿನ ಸೂರಿನ ಮೇಲೂ ಒಂದು ತಲೆ ಬೇಕಾಗುತ್ತದೆ. ಆ ತಲೆಗೆ ಎರಡು ಕಿವಿ ಇರಬೇಕಾಗುತ್ತದೆ. ಎರಡರಲ್ಲಿ ಒಂದಾದರೂ ನೆಟ್ಟಗಿರಬೇಕಾಗುತ್ತದೆ. ಇದು ಅಂಥ ಒಂದು ತಲೆಯ, ಅದರ ಒಂದೂವರೆ ಕಿವಿಯ ಮತ್ತು ಮದುವೆ ಮನೆಯೊಂದರ ಸಾವಿರದ ಎಂಟುನೂರ ಅರವತ್ತು ಹೆಂಚುಗಳ ಕಥೆ. ಹೆಂಚಿನಾಣೆ ನಿಜ. ನಂಬದವರು ಕಬೀಲಿಯಾ ಬೆಟ್ಟಸೀಮೆಯ ತಸ್ಲೆಂತ್ ಎಂಬ ಊರಿಗೆ ಬಂದು ಎಣಿಸಿಕೊಳ್ಳಬಹುದು, ಏಣಿ ಅಲ್ಲೇ ಒರಗಿಸಿಟ್ಟಿದೆ.

ಗುರುವಾರ ಬೆಳಗಿನ ಐದೂವರೆ. ಜುರ್ಜುರಾ ಬೆಟ್ಟದ ನೆತ್ತಿಗೆ ಬಿಸಿಲು ತಾಗಿದೆ, ಊರಿಗೆ ಇನ್ನೂ ಇಳಿದಿಲ್ಲ. ಮೊಕ್ರಾನ್ ಏಣಿಯ ಕೊನೆಯ ಮೆಟ್ಟಿಲಲ್ಲಿ ಬೂಟು ಬಿಚ್ಚಿ, ಲೇಸಿನಿಂದ ಏಣಿಗೇ ಕಟ್ಟಿ, ಉಣ್ಣೆಯ ಕಾಲುಚೀಲದಲ್ಲಿ ಮಾಡಿನ ಮೇಲೆ ಕಾಲಿಡುತ್ತಾರೆ. ಸೊಂಟದ ಪಟ್ಟಿಯಲ್ಲಿ ಆಲಿವ್ ಮರದ ಒಂದು ಸೌಟು, ಜೇಬಿನಲ್ಲಿ ಸೀಮೆಸುಣ್ಣ, ಹೆಗಲಿಗೆ ನೀರಿನ ಬಾಟಲಿ. ಉಪಕರಣಗಳು ಇಷ್ಟೇ. ಮಂಡಿಯೂರಿ ಕೂತು ಸೌಟಿನ ಹಿಡಿಯಿಂದ ಮೊದಲ ಹೆಂಚಿಗೆ ಮೂರು ಸಲ ತಟ್ಟುತ್ತಾರೆ: ತಲೆಗೊಂದು, ಹೊಟ್ಟೆಗೊಂದು, ಬಾಲಕ್ಕೊಂದು. ಠಣ್, ಠಣ್, ಠಣ್. ಬಲಗಿವಿಯನ್ನು ಹೆಂಚಿನ ಕಡೆಗೆ ಬಾಗಿಸಿ ಒಂದು ಕ್ಷಣ ಕಾಯುತ್ತಾರೆ. ಆಮೇಲೆ ಪಕ್ಕದ್ದು.

"ಇದು ಬದುಕಿದೆ," ಎನ್ನುತ್ತಾರೆ. "ಬದುಕಿರೋ ಹೆಂಚು ತಟ್ಟಿದ ಮೇಲೂ ಒಂಚೂರು ಮಾತಾಡ್ತಾ ಇರುತ್ತೆ. ಸತ್ತಿದ್ದು ಠಪ್ ಅಂತ ಬಾಯಿ ಮುಚ್ಚಿಕೊಳ್ಳುತ್ತೆ, ಹಳೇ ಚಪ್ಪಲೀಲಿ ಕತ್ತೆಗೆ ಹೊಡೆದ ಹಾಗೆ. ಸಿಮೆಂಟು ಮೆತ್ತಿದ್ದು ಬೇರೆ, ಅದು ಟೊಕ್ ಅನ್ನುತ್ತೆ. ನಮ್ಮ ಊರ ಕೂಟದ ಅಧ್ಯಕ್ಷರು ಮಾತಿಗೆ ಮುಂಚೆ ಕೆಮ್ಮುತ್ತಾರಲ್ಲ, ಥೇಟ್ ಹಾಗೆ." ಮೂರೂ ಸದ್ದನ್ನು ಬಾಯಲ್ಲೇ ಮಾಡಿ ತೋರಿಸುತ್ತಾರೆ. ಅಧ್ಯಕ್ಷರ ಕೆಮ್ಮಂತೂ ಅಧ್ಯಕ್ಷರಿಗಿಂತ ಚೆನ್ನಾಗಿ ಬರುತ್ತದೆ.

ಇಂದು ಅವರು ತಮಾಷೆಯನ್ನು ಅಲ್ಲಿಗೇ ನಿಲ್ಲಿಸುತ್ತಾರೆ. ಪಶ್ಚಿಮದ ಕಣಿವೆಯ ಮೇಲೆ ಬೂದಿ ಬಣ್ಣದ ಒಂದು ಪಟ್ಟಿ ಎದ್ದಿದೆ. ಸಂಜೆಗೆ ಮಳೆ ಎಂದು ರೇಡಿಯೊ ಹೇಳಿದೆ. ನಾಳೆ, ಶುಕ್ರವಾರ, ಈ ಮನೆಯಲ್ಲಿ ಮದುವೆ. ಹೆಂಚುಗಳ ಕೆಳಗಿನ ಅಟ್ಟದಲ್ಲಿ ಮದುವೆಯ ಊಟದ ಕೂಸ್‌ಕೂಸ್ ಬಿಳಿ ಹಾಸುಗಳ ಮೇಲೆ ಒಣಗುತ್ತಿದೆ. ಅಕ್ಕಪಕ್ಕದ ಮನೆಗಳ ಹೆಂಗಸರೆಲ್ಲ ಸೇರಿ ಹತ್ತು ದಿನ ರವೆಯನ್ನು ಅಂಗೈಯಲ್ಲಿ ಉಜ್ಜಿ ಉಜ್ಜಿ ಕಾಳು ಮಾಡಿದ್ದು, ಒಟ್ಟು ಅರವತ್ತು ಕಿಲೋ. ಒಂದು ಹೆಂಚು ಸೋರಿದರೆ ಒಂದು ಹಾಸು ಹಿಟ್ಟಾಗುತ್ತದೆ. ಇನ್ನೂರು ಜನ ಉಣ್ಣುವ ಹೊತ್ತಿಗೆ ಮತ್ತೆ ಉಜ್ಜಲು ಹತ್ತು ದಿನವನ್ನು ಯಾರು ತರುತ್ತಾರೆ?

ಸೋಮವಾರ ಮಧ್ಯಾಹ್ನ ಬಿದ್ದ ಆಲಿಕಲ್ಲಿಗೆ ಹನ್ನೊಂದು ನಿಮಿಷ ಸಾಕಾಯಿತು. ಮೊದಲು ಕಡಲೆಯಷ್ಟು, ಆಮೇಲೆ ಅಕ್ರೋಟಿನಷ್ಟು, ಕೊನೆಯ ಮೂರು ನಿಮಿಷ ಕೋಳಿಮೊಟ್ಟೆಯಷ್ಟು. ಅಂಜೂರದ ಮರಗಳು ಬೋಳಾದವು. ಪೇಟೆಗೆ ಹೋಗುವ ವ್ಯಾನಿನ ಗಾಜು ಡ್ರೈವರನ ಮಡಿಲಿಗೆ ಬಂತು. ತಾರಸಿ ಮನೆಗಳ ಮೇಲಿನ ಸೋಲಾರ್ ಕೊಳವೆಗಳು ಬಳೆಚೂರಾದವು. ಊರಿನ ನೂರ ನಲವತ್ತು ಮನೆಗಳಲ್ಲಿ ಅರವತ್ತಮೂರು ಹೆಂಚಿನವು, ಚಡಿಯಿರುವ ಚಪ್ಪಟೆ ಹೆಂಚು, ಮಂಗಳೂರು ಹೆಂಚಿನ ದಾಯಾದಿ. ಈ ಮನೆಯೊಂದರಲ್ಲೇ ತೊಂಬತ್ತನಾಲ್ಕು ಹೆಂಚು ಒಡೆದು ಒಳಗೆ ಬಿದ್ದವು. ಅಂದು ಸಂಜೆಯೇ ನೆರೆಯವರು ಸಾಲಾಗಿ ನಿಂತು ಕೈಯಿಂದ ಕೈಗೆ ಹೆಂಚು ದಾಟಿಸಿ ತೂತು ಮುಚ್ಚಿದರು. ಕೂಸ್‌ಕೂಸ್ ಉಳಿದದ್ದು ಬುದ್ಧಿಯಿಂದಲ್ಲ, ಅದೃಷ್ಟದಿಂದ. ಅಂದು ಹಾಸುಗಳೆಲ್ಲ ಒಗೆಯಲು ಹೋಗಿದ್ದವು, ಕಾಳು ಆ ಒಂದು ಮಧ್ಯಾಹ್ನದ ಮಟ್ಟಿಗೆ ಕೆಳಗಿನ ಕೋಣೆಯ ಚೀಲಗಳಲ್ಲಿತ್ತು.

"ಒಡೆದು ಬಿದ್ದ ಹೆಂಚಿಂದ ತೊಂದರೆ ಇಲ್ಲ," ಎನ್ನುತ್ತಾರೆ ಮೊಕ್ರಾನ್. "ನಾನು ಒಡೆದೆ ಅಂತ ಅದೇ ಒಪ್ಪಿಕೊಳ್ಳುತ್ತೆ. ಪೆಟ್ಟು ತಿಂದೂ ಸುಮ್ಮನೆ ಕೂತಿರುತ್ತಲ್ಲ, ಅದೇ ಮನೆ ಹಾಳು ಮಾಡೋದು. ಕೂದಲೆಳೆಯಷ್ಟು ಬಿರುಕು. ಮೊದಲ ಮಳೇಲಿ ಸೋರಲ್ಲ, ನೀರು ಕುಡಿದು ಉಬ್ಬುತ್ತೆ. ಎರಡನೇ ಮಳೇಲಿ ಬಾಯಿ ಬಿಡುತ್ತೆ. ಅಷ್ಟರಲ್ಲಿ ಜನ ಆಲಿಕಲ್ಲನ್ನೇ ಮರೆತಿರುತ್ತಾರೆ."

ಅರವತ್ತನಾಲ್ಕು ವರ್ಷದ ಮೊಕ್ರಾನ್ ಕಿರಿಯರ ಬಾಯಲ್ಲಿ ದಾ ಮೊಕ್ರಾನ್, ಅಂದರೆ ಮೊಕ್ರಾನಣ್ಣ. ಬೆನ್ನ ಹಿಂದೆ ಸೌಟಿನವರು. ಊರ ದಾಖಲೆಯಲ್ಲಿ ಅವರ ಕಸುಬಿನ ಜಾಗ ಖಾಲಿ ಇದೆ, ಏಕೆಂದರೆ ಹೆಂಚು ತಟ್ಟುವುದು ಒಂದು ಕಸುಬೆಂದು ಅದನ್ನು ಬರೆದವರಿಗೆ ಗೊತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಅವರು ಬಯಲಿನ ರೈಲ್ವೆ ಯಾರ್ಡಿನಲ್ಲಿ ಚಕ್ರ ತಟ್ಟುತ್ತಿದ್ದರು. ರೈಲು ಬಂದು ನಿಂತೊಡನೆ ಉದ್ದ ಹಿಡಿಯ ಸುತ್ತಿಗೆಯಿಂದ ಒಂದೊಂದೇ ಚಕ್ರಕ್ಕೆ ಬಡಿದು, ಸದ್ದಿನಲ್ಲೇ ಬಿರುಕು ಹಿಡಿಯುವ ಕೆಲಸ. ಆ ಕೆಲಸಕ್ಕೆ ಯಂತ್ರ ಬಂತು, ಮೊಕ್ರಾನ್ ಊರಿಗೆ ಬಂದರು. ಆ ವರ್ಷದ ಆಲಿಕಲ್ಲಿನ ಮರುದಿನ ತಾಯಿಯ ಮನೆಯ ಮಾಡು ಹತ್ತಿದಾಗ ಕೈಗೆ ಸಿಕ್ಕಿದ್ದು ಅವಳ ಸೌಟು. ತಟ್ಟಿದರು. ಚಕ್ರ ಮತ್ತು ಹೆಂಚು ಒಂದೇ ಭಾಷೆ ಆಡುತ್ತವೆ ಎಂದು ತಿಳಿಯಿತು. ಅಂದಿನಿಂದ ಹದಿನೆಂಟು ವರ್ಷ. ದಿನಕ್ಕೆ ಸುಮಾರು ಒಂಬೈನೂರು ಹೆಂಚು, ಎರಡು ಸಾವಿರದ ಏಳುನೂರು ತಟ್ಟು. ಒಮ್ಮೆ ಜಾರಿ ಕೊರಳೆಲುಬು ಮುರಿದಿದೆ, ಒಮ್ಮೆ ಕಣಜದ ಹುಳು ಕಚ್ಚಿ ಮುಖ ಕುಂಬಳಕಾಯಿ ಆಗಿದೆ. ಸಂಭಾವನೆ ಎಂದರೆ ಮಧ್ಯಾಹ್ನದ ಊಟ, ವರ್ಷದ ಕೊನೆಗೆ ಒಂದು ಶೀಸೆ ಆಲಿವ್ ಎಣ್ಣೆ.

ಯಾರ್ಡು ಅವರಿಗೆ ಕಿವಿಯನ್ನು ಕಲಿಸಿತು, ಎಡಗಿವಿಯನ್ನು ಇಟ್ಟುಕೊಂಡಿತು. ಎಂಜಿನ್ನುಗಳ ಸೀಟಿ ಇಪ್ಪತ್ತೆರಡು ವರ್ಷ ಹೊಕ್ಕು ಹೊಕ್ಕು ಆ ಕಡೆ ಈಗ ಹತ್ತಿ ತುರುಕಿದಂತಿದೆ. ಉಳಿದದ್ದು ಬಲಗಿವಿ. ಅದರ ಮೇಲೂ ಈಚೆಗೆ ಅನುಮಾನ ಹುಟ್ಟಿದೆ.

ಅನುಮಾನಕ್ಕೆ ತಾರೀಖು ಉಂಟು, ಕಳೆದ ನವೆಂಬರ್. ಈ ಮನೆಯ ಯಜಮಾನಿ ಗನೀಮಾ, ವಯಸ್ಸು ಎಂಬತ್ತೊಂದು, ಊರಿಗೆಲ್ಲ ಯೆಮ್ಮಾ ಗನೀಮಾ, ಅಂದರೆ ಅಮ್ಮ. ಮೊಮ್ಮಗಳು ತಿಝಿರಿಯ ಮದುವೆಗೆಂದು ಆಕೆ ಮಗ್ಗದಲ್ಲಿ ಉಣ್ಣೆಯ ಕಂಬಳಿ ನೇಯುತ್ತಿದ್ದರು. ಅಕ್ಟೋಬರಿನಲ್ಲಿ ಮೊಕ್ರಾನ್ ಈ ಮಾಡನ್ನು ತಟ್ಟಿ ನೋಡಿ ಎಲ್ಲ ಬದುಕಿದೆ ಎಂದು ಇಳಿದಿದ್ದರು. ನವೆಂಬರಿನ ಮೂರನೆಯ ಮಳೆಗೆ ಮಗ್ಗದ ಮೇಲಿನ ಹೆಂಚೊಂದು ಸೋರಿತು. ಕಂಬಳಿಯ ಕೆಂಪೆಲ್ಲ ಬಿಳಿಯೊಳಗೆ ಇಳಿದು ಅರ್ಧ ನೇಯ್ದದ್ದು ಗುಲಾಬಿಯಾಯಿತು. ಹಿಮಕ್ಕೆ ಒಡೆಯಿತೋ, ತಟ್ಟುವಾಗಲೇ ಒಡೆದಿದ್ದು ತಮಗೆ ಕೇಳಿಸಲಿಲ್ಲವೋ, ಮೊಕ್ರಾನ್‌ಗೆ ಇವತ್ತಿಗೂ ಗೊತ್ತಿಲ್ಲ. ಗನೀಮಾ ಬೈಯಲಿಲ್ಲ, ಊರ ಕೂಟಕ್ಕೆ ದೂರು ಒಯ್ಯಲಿಲ್ಲ. ಅಂದಿನಿಂದ ಮೊಕ್ರಾನ್ ಎದುರು ಸಿಕ್ಕಾಗಲೆಲ್ಲ ನಾಲಿಗೆಯನ್ನು ಅಂಗುಳಕ್ಕೆ ಹಚ್ಚಿ ಒಂದೇ ಒಂದು ಹನಿ ಬೀಳುವ ಸದ್ದು ಮಾಡುತ್ತಾರೆ, ಅಷ್ಟೇ. ಟಪ್.

ಚಳಿಗಾಲ ಮುಗಿಯುವಷ್ಟರಲ್ಲಿ ಇಡೀ ಊರು ಅದನ್ನು ಕಲಿತಿತ್ತು. ಬಾವಿಕಟ್ಟೆಯಲ್ಲಿ ಟಪ್, ಕಾಫಿ ಅಂಗಡಿಯಲ್ಲಿ ಟಪ್. ಮೊಕ್ರಾನ್ ತಾವೂ ನಗುತ್ತಾರೆ, ನಕ್ಕು ಮನೆಗೆ ಬಂದು ಗಡಿಯಾರವನ್ನು ಬಲಗಿವಿಗೆ ಹಿಡಿದು ನೋಡುತ್ತಾರೆ. ಹೆಂಡತಿ ಫರೂಜಾಗೆ ಇದೆಲ್ಲ ಹೊಸತಲ್ಲ. "ಮೂವತ್ತು ವರ್ಷದಿಂದ ನನ್ನ ಮಾತು ಕೇಳಿಸಿಲ್ಲ ಇವರಿಗೆ," ಎನ್ನುತ್ತಾರೆ. "ಈಗ ಹೆಂಚಿಂದೂ ಕೇಳಿಸಲ್ಲ ಅಂದರೆ ಹೆಂಚಿಗೂ ನನಗೂ ನ್ಯಾಯ ಒಂದೇ ಆಯಿತು."

ಹಾಗಾಗಿ ಮದುವೆ ಮನೆ ಮೊದಲು ಎಂದು ಊರ ಕೂಟ ತೀರ್ಮಾನಿಸಿದಾಗ ಮೊಕ್ರಾನ್ ತಲೆಯಾಡಿಸಿದರು, ಮನೆಗೆ ಬಂದು ಗಡಿಯಾರವನ್ನು ಇನ್ನೊಮ್ಮೆ ಕಿವಿಗೆ ಹಿಡಿದರು. ಬುಧವಾರ ಪೂರ್ವದ ಮಾಡು ಮುಗಿದಿದೆ. ಗಾಳಿಗೆ ಎದುರಾಗಿ ಹೆಚ್ಚು ನೆನೆದ ಪಶ್ಚಿಮದ್ದನ್ನು ಇವತ್ತಿಗೆ ಬಿಟ್ಟದ್ದಕ್ಕೆ ಕಾರಣವಿದೆ. "ಒದ್ದೆ ಹೆಂಚು ಸುಳ್ಳು ಹೇಳುತ್ತೆ," ಎನ್ನುತ್ತಾರೆ. "ಬದುಕಿದ್ದೂ ಸತ್ತ ಹಾಗೆ ಠಪ್ ಅನ್ನುತ್ತೆ. ಎರಡು ಬಿಸಿಲು ಕಾಣಿಸಬೇಕು. ಜನ ಆಲಿಕಲ್ಲು ನಿಂತ ತಕ್ಷಣ ಏಣಿ ಹಾಕ್ತಾರೆ. ಏನು ಅವಸರ? ಜಾರಿ ಬಿದ್ದರೆ ಮನೆ ಇರುತ್ತೆ, ಮನೆಯವನು ಇರಲ್ಲ."

ಹತ್ತದೆ ಏನು ಮಾಡಬೇಕು ಎಂಬುದಕ್ಕೂ ಅವರ ಹತ್ತಿರ ಉತ್ತರವಿದೆ. ಕೈ ಸೌಟು ತಟ್ಟುತ್ತಲೇ ಇರುತ್ತದೆ, ಬಾಯಿ ತುಂಡು ತುಂಡಾಗಿ ಹೇಳುತ್ತದೆ. ಮೊದಲು ನೆಲದ ಮೇಲಿನ ಸಾಮಾನು ನೋಡಬೇಕು. ಕೋಳಿಗೂಡಿನ ತಗಡು, ನೀರಿನ ತೊಟ್ಟಿಯ ಮುಚ್ಚಳ, ಕಾರಿನ ಮೂತಿ. ಅಲ್ಲಿ ಗುಳಿ ಬಿದ್ದಿದ್ದರೆ ಮಾಡನ್ನು ನಂಬಬಾರದು. ಆಲಿಕಲ್ಲು ಕರಗುವ ಮುಂಚೆ ಒಂದು ಮೊಟ್ಟೆ ಪಕ್ಕದಲ್ಲಿಟ್ಟು ಫೋಟೊ ತೆಗೆಯಬೇಕು, ಎರಡು ಕಲ್ಲನ್ನು ಫ್ರಿಜ್ಜಿನ ಮಂಜಿನ ಖಾನೆಗೆ ಹಾಕಬೇಕು. "ವಿಮೆಯವನು ತಿಂಗಳು ಬಿಟ್ಟು ಬಂದು, ಎಲ್ಲಿ ಕಲ್ಲು, ಅಂತಾನೆ. ಅವನ ಕೈಗೇ ಇಡಬೇಕು, ತಣ್ಣಗೆ. ಮತ್ತೆ ವಿಮೆ ಕಾಗದ ಇದ್ದವರು ಅದನ್ನ ಓದಬೇಕು. ಎಷ್ಟು ದಿನದೊಳಗೆ ತಿಳಿಸಬೇಕು ಅಂತ ಅದರಲ್ಲೇ ಬರೆದಿರುತ್ತೆ. ನಮ್ಮ ಜನ ಅದನ್ನ ಮದುವೆ ಪತ್ರದ ಜೊತೆ ಪೆಟ್ಟಿಗೇಲಿ ಇಡ್ತಾರೆ. ಎರಡನ್ನೂ ಓದಲ್ಲ."

ಅಟ್ಟಕ್ಕೆ ಹಗಲಲ್ಲಿ ಹೋಗಬೇಕು, ದೀಪ ಇಲ್ಲದೆ. ಬೆಳಕಿನ ಸೂಜಿ ಕಾಣಿಸಿದರೆ ಅಲ್ಲಿ ತೂತು. ಕಾಣಿಸದಿದ್ದರೆ ರೀಪುಗಳ ಮೇಲೆ ಕೈಯಾಡಿಸಿ ಒದ್ದೆ ಹುಡುಕಬೇಕು. ಬಿರುಕಿನ ಮೇಲೆ ಸಿಮೆಂಟು ಮೆತ್ತಬಾರದು, ನೀರು ಒಳಗೇ ಉಳಿದು ಮುಂದಿನ ಹಿಮಕ್ಕೆ ಹೆಂಚು ಸಿಡಿಯುತ್ತದೆ. ಪ್ಲಾಸ್ಟಿಕ್ ಹೊದಿಸುವವರು ಕಟ್ಟಬೇಕೇ ಹೊರತು ಮೊಳೆ ಹೊಡೆಯಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಮರುದಿನ ವ್ಯಾನಿನಲ್ಲಿ ಬರುವ ಅಪರಿಚಿತರನ್ನು ಮಾಡಿಗೆ ಹತ್ತಿಸಬಾರದು.

ಮಂಗಳವಾರ ಅಂಥವರಿಬ್ಬರು ಬಂದಿದ್ದರು. ಬೀದಿ ಕೊನೆಯ ಮನೆಯ ಮಾಡು ಹತ್ತಿ ಇಳಿದು, ಪೂರ್ತಿ ಬದಲಾಯಿಸಬೇಕು, ಇವತ್ತೇ ಸಹಿ ಹಾಕಿ ಎಂದರು. ಮೊಕ್ರಾನ್ ತಾವೂ ಹತ್ತಿ ನೋಡಿದರು. ಒಡೆದ ಆರು ಹೆಂಚು ಒಂದೇ ಸಾಲಿನಲ್ಲಿದ್ದವು, ಮೊಣಕಾಲೂರಿದ ಮನುಷ್ಯನ ಕೈಗೆ ಎಟುಕುವಷ್ಟು ದೂರದಲ್ಲಿ. "ನಾನು ಕೇಳಿದೆ, ಯಾಕಪ್ಪಾ, ಆಲಿಕಲ್ಲು ನಿನ್ನ ತೋಳಿನ ಅಳತೆ ತಗೊಂಡು ಬಿತ್ತಾ?" ಆಲಿಕಲ್ಲು ಸಾಲು ಹಿಡಿದು ಬೀಳುವುದಿಲ್ಲ. ಅದು ಗಾಳಿ ಬಂದ ಕಡೆಯ ಮಾಡನ್ನು ಹೆಚ್ಚು ಹೊಡೆಯುತ್ತದೆ, ಎಲ್ಲೆಂದರಲ್ಲಿ ಹೊಡೆಯುತ್ತದೆ. ವ್ಯಾನಿನವರು ಕಾಫಿಯನ್ನೂ ಕುಡಿಯದೆ ಹೊರಟರು.

ಹತ್ತು ಗಂಟೆಯ ಹೊತ್ತಿಗೆ ಮುನ್ನೂರ ಎಂಬತ್ತು ಹೆಂಚು ಮುಗಿದಿವೆ. ಕೆಳಗಿನ ಅಟ್ಟದಿಂದ ಹೆಂಗಸರ ಹಾಡು, ನಗು, ಜರಡಿಯ ಸದ್ದು ಬರುತ್ತಿದೆ. ಮುನ್ನೂರ ಎಂಬತ್ತೊಂದನೆಯದಕ್ಕೆ ಸೌಟು ಬೀಳುತ್ತದೆ.

ಠಪ್.

ಮೊಕ್ರಾನ್ ನಿಲ್ಲುತ್ತಾರೆ. ಮತ್ತೆ ತಟ್ಟುತ್ತಾರೆ. ಠಪ್. ಬಗ್ಗಿ ನೋಡುತ್ತಾರೆ. ಹೆಂಚಿನ ಮೇಲೆ ಪೆಟ್ಟಿನ ಗುರುತಿಲ್ಲ, ಚೂರು ಎದ್ದಿಲ್ಲ. ಬಾಟಲಿಯಿಂದ ನೀರು ಸವರಿ ಒಣಗುವವರೆಗೆ ಕಾಯುತ್ತಾರೆ. ಬಿರುಕಿದ್ದರೆ ಎಲ್ಲ ಒಣಗಿದ ಮೇಲೂ ಒಂದು ಕಪ್ಪು ಎಳೆ ಉಳಿಯಬೇಕು. ಎಳೆಯಿಲ್ಲ. ಸೀಮೆಸುಣ್ಣದಿಂದ ಸಣ್ಣ ಗೆರೆ ಎಳೆದು ಮುಂದೆ ಹೋಗುತ್ತಾರೆ. ಹನ್ನೊಂದು ಹೆಂಚು ದಾಟಿ ಮತ್ತೊಂದು. ಅದೂ ಹಾಗೇ: ಕಣ್ಣಿಗೆ ಹೊಸತರಂತಿದೆ, ಕಿವಿಗೆ ಸತ್ತಿದೆ.

ಕೆಳಗಿನಿಂದ ನೋಡಿದರೆ ತಿಳಿದೀತು. ಮೊಕ್ರಾನ್ ಏಣಿಯಿಳಿದು ಅಟ್ಟದ ಬಾಗಿಲಿಗೆ ಹೋಗುತ್ತಾರೆ. ಬಾಗಿಲಿಗೆ ಅಡ್ಡಲಾಗಿ ಗನೀಮಾ ಕೂತಿದ್ದಾರೆ, ಮಡಿಲಲ್ಲಿ ಜರಡಿ.

"ಎಲ್ಲಿಗೆ?"

"ಒಂದ್ಸಲ ಒಳಗಿಂದ ನೋಡ್ತೀನಿ, ಯೆಮ್ಮಾ."

"ಮದುವೆ ಕೂಸ್‌ಕೂಸ್ ಒಣಗೋವರೆಗೆ ಅಟ್ಟಕ್ಕೆ ಗಂಡಸರ ಕಾಲು ಬೀಳಬಾರದು. ಕಾಳು ಅಂಟಿಕೊಳ್ಳುತ್ತೆ."

ಇಂಥ ನಿಯಮ ನಿಜವಾಗಿ ಇದೆಯೋ ಇಲ್ಲವೋ ತಸ್ಲೆಂತ್‌ನಲ್ಲಿ ಯಾರಿಗೂ ಖಚಿತವಿಲ್ಲ. ಗನೀಮಾ ಹೇಳಿದ ಮೇಲೆ ಇದೆ. ಸೊಸೆ ತಾವೂಸ್ ಒಳಗಿನಿಂದ ಕೂಗುತ್ತಾಳೆ: "ದಾ ಮೊಕ್ರಾನ್, ಏನಾದರೂ ಸಿಕ್ಕಿತಾ?"

"ಇನ್ನೂ ನೋಡ್ತಾ ಇದೀನಿ."

"ನೋಡೋದು ಬೇಡ, ಕೇಳು," ಎನ್ನುತ್ತಾರೆ ಗನೀಮಾ. "ನಿನ್ನನ್ನ ಕರೆಸಿರೋದು ಕೇಳೋಕೆ." ಆಮೇಲೆ ನಾಲಿಗೆಯನ್ನು ಅಂಗುಳಕ್ಕೆ ಹಚ್ಚುತ್ತಾರೆ. ಟಪ್.

ಒಳಗೆ ಯಾರೋ ಕಿಸಕ್ಕೆನ್ನುತ್ತಾರೆ. ಮೊಕ್ರಾನ್ ಮತ್ತೆ ಏಣಿ ಹತ್ತುತ್ತಾರೆ.

ಮಧ್ಯಾಹ್ನದ ಊಟಕ್ಕೆ ಇಳಿಯುವುದಿಲ್ಲ. ರೊಟ್ಟಿ, ಒಣ ಅಂಜೂರ, ಒಂದು ಲೋಟ ಮಜ್ಜಿಗೆಯನ್ನು ಮದುಮಗಳು ತಿಝಿರಿಯೇ ಏಣಿಯ ಮೇಲೆ ತಂದು ಕೊಡುತ್ತಾಳೆ. ಅವಳ ಕೈಯ ಗೋರಂಟಿ ಇನ್ನೂ ಒಣಗಿಲ್ಲ. ಮೊಕ್ರಾನ್ ಮಜ್ಜಿಗೆ ಮಾತ್ರ ಕುಡಿಯುತ್ತಾರೆ. ಸೀಮೆಸುಣ್ಣದ ಗೆರೆ ಈಗ ಐದಾಗಿದೆ. ಮೂರು ಗಂಟೆಗೆ ಏಳು. ಮೂರೂವರೆಗೆ, ಮಾಡಿನ ಅಂಚಿನ ಹತ್ತಿರ, ಎಂಟು.

ಎಂಟಕ್ಕೂ ಪೆಟ್ಟಿನ ಗುರುತಿಲ್ಲ. ಎಂಟರಲ್ಲೂ ನೀರು ಎಳೆ ತೋರಿಸಿಲ್ಲ. ಎತ್ತಿ ನೋಡೋಣವೆಂದರೆ, ಅರವತ್ತು ವರ್ಷ ಒಂದರ ಚಡಿಯಲ್ಲಿ ಒಂದು ಕೂತ ಹೆಂಚುಗಳು. ಒಂದನ್ನು ಎತ್ತಿದರೆ ಪಕ್ಕದ ಎರಡರ ತುಟಿ ಮುರಿಯುತ್ತದೆ. ಈ ಅಚ್ಚಿನ ಹೆಂಚು ಮಾಡುವ ಕಾರ್ಖಾನೆ ಮುಚ್ಚಿ ಕಾಲವಾಯಿತು. ಹಳೆ ಮನೆ ಕೆಡವಿದವರು ಹೆಂಚನ್ನು ಊರ ಕೂಟದ ಹಿಂದಿನ ಗುಡ್ಡೆಗೆ ಕೊಡಬೇಕೆಂಬುದು ತಸ್ಲೆಂತ್‌ನ ಕಟ್ಟುಪಾಡು. ಸೋಮವಾರ ಆ ಗುಡ್ಡೆಯಲ್ಲಿ ನಾನೂರಿತ್ತು. ಇವತ್ತು ಮೂರಿದೆ.

ಬೂದಿ ಪಟ್ಟಿ ಕಣಿವೆಯನ್ನು ನುಂಗಿ ಎದುರು ಗುಡ್ಡಕ್ಕೆ ಬಂದಿದೆ. ಮೊಕ್ರಾನ್ ಮಾಡಿನ ನೆತ್ತಿಯಲ್ಲಿ ಕೂತು ಕೈಗಡಿಯಾರವನ್ನು ಬಲಗಿವಿಗೆ ಹಿಡಿಯುತ್ತಾರೆ. ಕೇಳಿಸುತ್ತದೆ. ಕೇಳಿಸುತ್ತದೆ ಎಂದುಕೊಂಡಿದ್ದಕ್ಕೆ ಕೇಳಿಸುತ್ತಿದೆಯೋ ಏನೋ.

"ಕಣ್ಣು ಒಂದು ಹೇಳುತ್ತೆ, ಕಿವಿ ಒಂದು ಹೇಳುತ್ತೆ," ಎನ್ನುತ್ತಾರೆ ಮೆಲ್ಲಗೆ. "ಕಣ್ಣನ್ನ ನಂಬಿ ಸುಮ್ಮನಿದ್ದು, ರಾತ್ರಿ ಸೋರಿದರೆ? ಕಿವಿ ನಂಬಿ ಗಲಾಟೆ ಮಾಡಿ, ಏನೂ ಇಲ್ಲದೆ ಹೋದರೆ? ನವೆಂಬರಲ್ಲಿ ಸತ್ತಿದ್ದನ್ನ ಬದುಕಿದೆ ಅಂದೆ. ಈಗ ಬದುಕಿರೋದನ್ನ ಸತ್ತಿದೆ ಅಂತಿದೀನೇನೋ. ಹಾಗಾದರೆ ಈ ಸೌಟನ್ನ ಫರೂಜಾ ಕೈಗೆ ಕೊಡಬೇಕು, ಸಾರು ಕಲಕಲಿ."

ನಾಲ್ಕು ಗಂಟೆಗೆ ಅವರು ಇಳಿಯುತ್ತಾರೆ. ಬೂಟು ಹಾಕಿಕೊಳ್ಳುವುದಿಲ್ಲ. ಅಟ್ಟದ ಬಾಗಿಲ ಮುಂದೆ ಕಾಲುಚೀಲದಲ್ಲೇ ನಿಂತು, ಟೋಪಿ ತೆಗೆದು, ಎಲ್ಲರಿಗೂ ಕೇಳುವಂತೆ ಹೇಳುತ್ತಾರೆ.

"ಯೆಮ್ಮಾ ಗನೀಮಾ, ಎಂಟು ಸತ್ತಿವೆ. ಎಲ್ಲಿ ಅಂತ ಗುರುತು ಹಾಕಿದೀನಿ. ಒಂದರಲ್ಲೂ ಬಿರುಕು ಕಾಣಿಸಲಿಲ್ಲ. ನನ್ನ ಹತ್ತಿರ ಮೂರೇ ಹೆಂಚಿದೆ. ಅದಕ್ಕೇ ಕೂಸ್‌ಕೂಸ್ ಈಗಲೇ ಕೆಳಗಿಳಿಸಿ."

"ಒಣಗದೇ ಇರೋದನ್ನ ಚೀಲಕ್ಕೆ ತುಂಬಿದರೆ ನಾಳೆಗೆ ಹುಳಿ ಬರುತ್ತೆ," ಎನ್ನುತ್ತಾಳೆ ತಾವೂಸ್.

"ಗೊತ್ತಮ್ಮಾ. ಆದರೂ ಇಳಿಸಿ. ಎಂಟು ಹೆಂಚಾದರೂ ಸತ್ತಿರಬೇಕು, ಇಲ್ಲ ನನ್ನ ಕಿವಿ ಸತ್ತಿರಬೇಕು. ಎರಡರಲ್ಲಿ ಯಾವುದು ಅಂತ ನನಗೇ ಹೇಳೋಕೆ ಆಗ್ತಿಲ್ಲ. ಕಿವಿ ಅಂತಾದರೆ ನಾಳೆಯಿಂದ ಬೇರೆ ಯಾರನ್ನಾದರೂ ನೋಡಿಕೊಳ್ಳಿ. ಉಳಿದ ಮನೆಗಳಿಗೂ ನಾನೇ ಹೇಳ್ತೀನಿ."

ಜರಡಿಯ ಸದ್ದು ನಿಲ್ಲುತ್ತದೆ. ಒಳಗಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ತಿಝಿರಿ ಗೋರಂಟಿ ಕೈಯಿಂದಲೇ ಬಾಯಿ ಮುಚ್ಚಿಕೊಳ್ಳುತ್ತಾಳೆ. ಗನೀಮಾ ಮಾತ್ರ ಕೂತಲ್ಲೇ ಕೇಳುತ್ತಾರೆ: "ಎಷ್ಟು ಅಂದೆ?"

"ಎಂಟು."

"ಸರಿಯಾಗಿ ಎಣಿಸಿದೆಯಾ?"

"ಎಣಿಸೋಕೆ ಕಿವಿ ಬೇಡವಲ್ಲ, ಯೆಮ್ಮಾ."

ಗನೀಮಾ ಮೊಮ್ಮಗಳ ಕಡೆ ತಿರುಗಿ ಗಲ್ಲ ಎತ್ತುತ್ತಾರೆ. ತಿಝಿರಿ ಅಟ್ಟದ ಇಳಿಜಾರಿನೊಳಗೆ ತೆವಳಿಹೋಗಿ, ಹೆಂಚಿಗೂ ರೀಪಿಗೂ ನಡುವೆ ಒತ್ತಿ ತುರುಕಿದ್ದ ಒಂದು ಪುಟ್ಟ ದಿಂಬನ್ನು ಕೀಳುತ್ತಾಳೆ. ಗುಲಾಬಿ ಉಣ್ಣೆಯ ದಿಂಬು. ಬಾಗಿಲಾಚೆ ಎಸೆಯುತ್ತಾಳೆ. ಎರಡನೆಯದು, ಮೂರನೆಯದು. ಏಳು ದಿಂಬುಗಳು ಮೊಕ್ರಾನ್ ಕಾಲ ಬಳಿ ಬಂದು ಬೀಳುತ್ತವೆ.

ಹೆಂಚಿನ ಅಡಿಗೆ ಮೆತ್ತಗೇನಾದರೂ ಒತ್ತಿ ಕೂತರೆ ಸದ್ದು ಅಲ್ಲೇ ಉಸಿರು ಕಟ್ಟುತ್ತದೆ. ಹದಿನೆಂಟು ವರ್ಷ ಮಾಡನ್ನೂ ಅಟ್ಟವನ್ನೂ ನೋಡಿದ ಮೊಕ್ರಾನ್‌ಗೆ ಇದು ಗೊತ್ತಿಲ್ಲದ್ದೇನಲ್ಲ. ಬಾಗಿಲಲ್ಲಿ ಗನೀಮಾ ಕೂತಿದ್ದರು, ಅಷ್ಟೇ.

"ನಿನ್ನ ಕಿವಿ ಹೇಗಿದೆ ಅಂತ ನಿನ್ನನ್ನೇ ಕೇಳಿದ್ದರೆ ಚೆನ್ನಾಗಿದೆ ಅಂತಿದ್ದೆ," ಎನ್ನುತ್ತಾರೆ ಗನೀಮಾ. "ಗಂಡಸರ ಕಿವಿ ಬಗ್ಗೆ ಗಂಡಸರನ್ನ ಕೇಳಬಾರದು. ಇದು ನೆನೆದುಹೋದ ಕಂಬಳೀದೇ ಉಣ್ಣೆ. ಹುಡುಗಿಗೆ ದಿಂಬು ಮಾಡಿದೆ. ಮೊದಲು ನಿನ್ನ ಕಿವಿಗೆ ಒರಗಿಸಿ ನೋಡಿದೆ."

ಮೊಕ್ರಾನ್ ನಗುವುದಿಲ್ಲ. ದಿಂಬುಗಳನ್ನು ಒಂದೊಂದಾಗಿ ಎಣಿಸುತ್ತಾರೆ, ಬೆರಳಿಟ್ಟು. ಎರಡು ಸಲ ಎಣಿಸುತ್ತಾರೆ.

"ಎಂಟನೇದು?"

"ಏಳೇ ಇಟ್ಟಿದ್ದು," ಎನ್ನುತ್ತಾಳೆ ತಿಝಿರಿ. "ನಾನೇ ಇಟ್ಟೆ, ದಾ ಮೊಕ್ರಾನ್. ಏಳೇ."

ಈ ಬಾರಿ ನಿಯಮವನ್ನು ಯಾರೂ ನೆನಪಿಸುವುದಿಲ್ಲ. ಮೊಕ್ರಾನ್ ಬಗ್ಗಿ ಅಟ್ಟದೊಳಗೆ ಬರುತ್ತಾರೆ, ಹಾಸುಗಳ ನಡುವಿನ ಸಣ್ಣ ದಾರಿಯಲ್ಲಿ ಬೆರಳ ತುದಿಯ ಮೇಲೆ ನಡೆಯುತ್ತಾರೆ. ಅಂಚಿನ ಎಂಟನೆಯ ಹೆಂಚಿನ ಅಡಿ ಖಾಲಿ. ಬೆಳಕಿನ ಸೂಜಿ ಇಲ್ಲ. ಒದ್ದೆ ಇಲ್ಲ. ಗೆಣ್ಣಿನಿಂದ ತಟ್ಟುತ್ತಾರೆ. ಠಪ್. ಏಳು ಸರಿಯಾಗಿ ಕೇಳಿದ ಕಿವಿ ಎಂಟನೆಯದಕ್ಕೆ ಸುಳ್ಳು ಹೇಳುತ್ತಿದೆಯೇ?

"ನೀರು ಹುಯ್ಯಬೇಕು," ಎನ್ನುತ್ತಾರೆ. "ಮೇಲಿಂದ. ಪೂರ್ತಿ ಒಂದು ಬಿಂದಿಗೆ."

ಯಾರು ಹತ್ತಬೇಕು ಎಂದು ದೊಡ್ಡವರು ಮಾತಾಡುವಷ್ಟರಲ್ಲಿ ಮದುಮಗಳು ಬಿಂದಿಗೆಯೊಂದಿಗೆ ಏಣಿಯ ಅರ್ಧಕ್ಕೆ ಏರಿದ್ದಾಳೆ. ತಾವೂಸ್ ಕೆಳಗಿನಿಂದ ಹೇಳುತ್ತಾಳೆ: "ಬಿದ್ದರೆ ನಾಳೆ ಗಂಡನ ಮನೆಗೆ ಮಂಚದ ಮೇಲೆ ಹೋಗ್ತೀಯ." ಮೇಲೆ ನೀರು ಸುರಿಯುವ ಸದ್ದು. ಅಟ್ಟದಲ್ಲಿ ಮೊಕ್ರಾನ್ ಎಣಿಸುತ್ತಾರೆ. ಐದು. ಹತ್ತು. ಗನೀಮಾ ಜರಡಿ ಬದಿಗಿಟ್ಟು ಬಂದು ಹೆಂಚಿನ ಅಡಿಯಲ್ಲೇ ಮುಖವೆತ್ತಿ ನಿಲ್ಲುತ್ತಾರೆ. ಹದಿನೈದು. ಹದಿನೆಂಟು. ಹೆಂಚಿನ ಮೇಲ್ತುದಿಯಲ್ಲಿ, ಇನ್ನೊಂದು ಹೆಂಚಿನ ತುಟಿ ಮುಚ್ಚಿಕೊಂಡಿದ್ದ ಕಡೆ, ಒಂದು ಮಣಿ ಮೂಡುತ್ತದೆ. 'ಹತ್ತೊಂಬತ್ತು' ಬಾಯಿಗೆ ಬರುವ ಮುಂಚೆ ಅದು ಜಾರಿ ಗನೀಮಾರ ಹಣೆಯ ಮೇಲೆ ಬೀಳುತ್ತದೆ.

ಟಪ್.

ಆ ಸದ್ದನ್ನು ಬಾಯಲ್ಲಿ ಯಾರೂ ಮಾಡಿರಲಿಲ್ಲ.

"ಕೇಳಿಸಿತು," ಎನ್ನುತ್ತಾರೆ ಮೊಕ್ರಾನ್. ರೀಪು ಹಿಡಿದುಕೊಂಡು ಅಲ್ಲೇ ಕೂತುಬಿಡುತ್ತಾರೆ. ಗನೀಮಾ ಹಣೆಯ ಹನಿಯನ್ನು ಒರೆಸಿಕೊಳ್ಳುವುದಿಲ್ಲ. "ಇದು ಈ ರಾತ್ರಿ ಅಂಚಿನ ಹಾಸಿನ ಮೇಲೆ ಬೀಳುತ್ತಿತ್ತು," ಎನ್ನುತ್ತಾರೆ, ತಮಗೇ ಎಂಬಂತೆ. ಆಮೇಲೆ, "ತಾವೂಸ್, ಇವನಿಗೆ ಊಟ ಹಾಕು. ಬೆಳಗಿಂದ ಏನೂ ತಿಂದಿಲ್ಲ."

ಮೊದಲು ಹೆಂಚು, ಆಮೇಲೆ ಊಟ. ಅಂಚಿನ ಹೆಂಚಾದ್ದರಿಂದ ಒಂದು ಕಡೆ ಬಿಡಿಸಲು ಜಾಗವಿದೆ. ಪಕ್ಕದ್ದೊಂದರ ತುಟಿ ಮುರಿಯುತ್ತದೆ, ಅದನ್ನೂ ಬದಲಾಯಿಸುತ್ತಾರೆ. ಮೂರರಲ್ಲಿ ಎರಡು ಮುಗಿದು ಒಂದು ಉಳಿಯುತ್ತದೆ. ಊಟದ ನಡುವೆ, ಏನಾದರೂ ಆಸೆ ಇದೆಯೇ ಎಂದು ತಾವೂಸ್ ಕೇಳಿದ್ದಕ್ಕೆ ಮೊಕ್ರಾನ್ ರೊಟ್ಟಿ ಮುರಿಯುತ್ತ ಹೇಳುತ್ತಾರೆ: "ಊರ ಗುಡ್ಡೇಲಿ ಒಂದು ಇನ್ನೂರು ಹೆಂಚಾದರೂ ಇರಬೇಕು ಯಾವಾಗಲೂ. ಮತ್ತೆ ನಾನು ತಪ್ಪು ಕೇಳಿಸಿಕೊಳ್ಳೋಕೆ ಶುರು ಮಾಡಿದ ದಿನ ಯಾರಾದರೂ ಮುಲಾಜಿಲ್ಲದೆ ಹೇಳಬೇಕು. ದಿಂಬಿಟ್ಟಾದರೂ ಸರಿ."

ಆರೂವರೆಗೆ ಮಳೆ ಇಳಿಯುತ್ತದೆ. ಮೊದಲು ಅಂಗಳದಲ್ಲಿ, ಆಮೇಲೆ ಮಾಡಿನ ಮೇಲೆ, ಸಾವಿರದ ಎಂಟುನೂರ ಅರವತ್ತರ ಮೇಲೂ ಒಟ್ಟಿಗೆ. ಯಾರೂ ಹೇಳದೆಯೇ ಎಲ್ಲರೂ ಅಟ್ಟಕ್ಕೆ ಬರುತ್ತಾರೆ. ಹಾಸುಗಳ ನಡುವೆ ಹೆಂಗಸರು ಮೊಣಕಾಲು ಮಡಿಸಿ ಕೂರುತ್ತಾರೆ, ಮೊಕ್ರಾನ್ ಕಂಬಕ್ಕೊರಗಿ ಬಲಗಿವಿಯನ್ನು ಮೇಲಕ್ಕೆ ತಿರುಗಿಸಿ ಕೂರುತ್ತಾರೆ, ಮಡಿಲಲ್ಲಿ ಸೌಟು. ಹತ್ತು ನಿಮಿಷ. ಇಪ್ಪತ್ತು. ಮಳೆ ಜೋರಾಗುತ್ತದೆ. ರೀಪುಗಳು ಒಣಗಿವೆ. ಹಾಸುಗಳು ಬೆಳ್ಳಗಿವೆ. ಮೊಕ್ರಾನ್ ಸೌಟನ್ನು ಸೊಂಟದ ಪಟ್ಟಿಗೆ ಸಿಕ್ಕಿಸಲು ಎತ್ತುತ್ತಾರೆ.

ಟಪ್.

ಮೊಕ್ರಾನ್ ಸೌಟು ಹಿಡಿದು ನೆಗೆದು ನಿಲ್ಲುತ್ತಾರೆ, ತಲೆ ತೊಲೆಗೆ ಬಡಿಯುತ್ತದೆ. ಕಣ್ಣು ಹೆಂಚಿನಿಂದ ಹೆಂಚಿಗೆ ಓಡುತ್ತದೆ. ಎಲ್ಲಿ, ಯಾವ ಸಾಲು, ಯಾವ ಹಾಸಿನ ಮೇಲೆ? ಓಡಿ ಓಡಿ ಕೊನೆಗೆ ಅದು ಗನೀಮಾರ ಮುಖದ ಮೇಲೆ ನಿಲ್ಲುತ್ತದೆ. ಎಂಬತ್ತೊಂದು ವರ್ಷದ ಆ ಮುಖ ಗೋಡೆ ನೋಡುತ್ತ ಕೂತಿದೆ, ಏನೂ ಅರಿಯದ ಹಾಗೆ. ನಾಲಿಗೆ ಇನ್ನೂ ಅಂಗುಳದಿಂದ ಇಳಿದಿಲ್ಲ.

ಮೊದಲು ನಕ್ಕದ್ದು ತಿಝಿರಿ, ಆಮೇಲೆ ತಾವೂಸ್, ಆಮೇಲೆ ಉಳಿದ ಹೆಂಗಸರೆಲ್ಲ. ಆದರೆ ತಲೆ ಉಜ್ಜಿಕೊಳ್ಳುತ್ತ, ಕಣ್ಣೊರೆಸಿಕೊಳ್ಳುತ್ತ, ಸೌಟಿನಿಂದ ತಮ್ಮ ತೊಡೆಗೇ ಬಡಿದುಕೊಳ್ಳುತ್ತ ನಗುವ ಮೊಕ್ರಾನ್‌ರ ಸದ್ದಿನ ಮುಂದೆ ಅವರ ನಗುವೂ ಕೇಳಿಸುತ್ತಿಲ್ಲ, ಮಾಡಿನ ಮೇಲಿನ ಮಳೆಯೂ ಕೇಳಿಸುತ್ತಿಲ್ಲ.